ಫ್ರಾನ್ಸ್ ರಾಜನ ಕೈಕೆಳಗಿನ ಕೆನಡಾ: ಆಡಳಿತ, ಜಮೀನು, ಜನಜೀವನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ವಿಬೆಕ್ ನೋಡಲು ಹೋದ ನಮ್ಮವರು ಮೊದಲು ಕೇಳುವುದು ಒಂದೇ: ಕೆನಡಾದಲ್ಲಿ ಇಷ್ಟೊಂದು ಫ್ರೆಂಚ್ ಎಲ್ಲಿಂದ ಬಂತು? ಇದಕ್ಕೆ ಉತ್ತರ ಸಿಗುವುದು ಈ ನೆಲ ಫ್ರಾನ್ಸ್ ರಾಜನ ನೇರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಅಂದರೆ 1663ರಿಂದ ಸುಮಾರು ನೂರು ವರ್ಷದಲ್ಲಿ. ಆಗ ಈ ವಸಾಹತಿಗೆ ನ್ಯೂ ಫ್ರಾನ್ಸ್ ಎಂಬ ಹೆಸರಿತ್ತು. ಸೇಂಟ್ ಲಾರೆನ್ಸ್ ನದಿಯ ದಂಡೆಯ ಭಾಗಕ್ಕೆ ಕೆನಡಾ ಎನ್ನುತ್ತಿದ್ದರು. ಕೆಳಗಿನ ಪ್ರಶ್ನೆಗಳು ಹೆಚ್ಚಾಗಿ ಈ ಕೆನಡಾಕ್ಕೆ ಸೇರಿದವು. ಕಾಗದದ ಮೇಲೆ ಅಲ್ಲಿ ರಾಜನ ಮಾತಿಗೆ ಎದುರೇ ಇರಲಿಲ್ಲ. ನೆಲದ ಮೇಲೆ ಮಾತ್ರ ಪ್ರತಿಯೊಂದಕ್ಕೂ ಚೌಕಾಸಿ ನಡೆಯುತ್ತಿತ್ತು. ನನಗೆ ಈ ಇತಿಹಾಸದಲ್ಲಿ ರುಚಿ ಹತ್ತಿದ್ದು ಆ ಚೌಕಾಸಿಯಿಂದಲೇ.

1663ಕ್ಕೆ ಮೊದಲು ಯಾರು ಆಳುತ್ತಿದ್ದರು?

ಒಂದು ಕಂಪನಿ. ಫ್ರೆಂಚ್ ಅನ್ವೇಷಕ ಶಾಂಪ್ಲೇನ್ 1608ರಲ್ಲಿ ಕ್ವಿಬೆಕ್ ಊರು ಕಟ್ಟಿದ. 1627ರಲ್ಲಿ ಫ್ರಾನ್ಸಿನ ಮಂತ್ರಿ ರಿಶ್ಲ್ಯೂ ನೂರು ಜನ ಪಾಲುದಾರರ ಕಂಪನಿಯೊಂದನ್ನು ಮಾಡಿ ವಸಾಹತನ್ನು ಅದರ ಕೈಗೆ ಕೊಟ್ಟ. ತುಪ್ಪಳದ ವ್ಯಾಪಾರ ಪೂರ್ತಿ ಕಂಪನಿಯದು. ಬದಲಿಗೆ ಅದು 15 ವರ್ಷದಲ್ಲಿ 4,000 ಜನರನ್ನು ಕರೆತಂದು ನೆಲೆ ನಿಲ್ಲಿಸಬೇಕಿತ್ತು. ಆದರೆ ಮೊದಲ ಹಡಗುಗಳನ್ನೇ ಇಂಗ್ಲಿಷರ ಪರವಾಗಿದ್ದ ಕರ್ಕ್ ಸಹೋದರರು ಹಿಡಿದುಕೊಂಡರು. ಆಮೇಲೂ ಕಂಪನಿ ಚೇತರಿಸಿಕೊಳ್ಳಲಿಲ್ಲ. ಬೀವರ್ ಎಂಬ ನೀರುಪ್ರಾಣಿಯ ಚರ್ಮದಲ್ಲಿ ಲಾಭವಿರುವಾಗ ರೈತರನ್ನು ಕರೆತರುವ ಖರ್ಚು ಯಾವ ವ್ಯಾಪಾರಿಗೆ ಬೇಕು? ಜೊತೆಗೆ ಇರಾಕ್ವಾಯ್ ಎಂಬ ಮೂಲನಿವಾಸಿ ಜನರೊಂದಿಗೆ ಯುದ್ಧ. 1663ರ ಹೊತ್ತಿಗೆ ಅಲ್ಲಿದ್ದ ಫ್ರೆಂಚರು ಸುಮಾರು 3,000 ಅಷ್ಟೇ. ಆ ವರ್ಷ 14ನೇ ಲೂಯಿ ಕಂಪನಿಯಿಂದ ವಸಾಹತನ್ನು ವಾಪಸ್ ಪಡೆದು ತನ್ನ ನೇರ ಆಡಳಿತಕ್ಕೆ ತಂದ. ಅವನ ಪರವಾಗಿ ಎಲ್ಲ ನೋಡಿಕೊಂಡವನು ಮಂತ್ರಿ ಕೋಲ್ಬೇರ್.

ರಾಜನ ಆಳ್ವಿಕೆ ಬಂದ ಮೇಲೆ ತಕ್ಷಣ ಏನು ಬದಲಾಯಿತು?

ಸೈನ್ಯ ಬಂತು. 1665ರಲ್ಲಿ ಕಾರಿನ್ಯಾಂ-ಸಾಲಿಯೇರ್ ಎಂಬ ದಳದ ಸುಮಾರು 1,200 ಸೈನಿಕರು ಇಳಿದರು. 1667ರಲ್ಲಿ ಇರಾಕ್ವಾಯ್ ಜೊತೆ ಶಾಂತಿ ಒಪ್ಪಂದವಾಯಿತು. ದಳ ವಾಪಸ್ ಹೋಗುವಾಗ ಸುಮಾರು 400 ಸೈನಿಕರು ಜಮೀನು ಪಡೆದು ಅಲ್ಲೇ ಉಳಿದರು. ಅಧಿಕಾರಿಗಳಿಗೂ ಜಮೀನು ಸಿಕ್ಕಿತು. ನದಿ ದಂಡೆಯ ಎಷ್ಟೋ ಊರುಗಳಿಗೆ ಇವತ್ತೂ ಆ ಅಧಿಕಾರಿಗಳ ಹೆಸರೇ ಇದೆ.

ಅಲ್ಲಿ ದೊಡ್ಡ ಅಧಿಕಾರಿ ಯಾರು? ಗವರ್ನರ್ ತಾನೇ?

ಇಲ್ಲೇ ಎಲ್ಲರೂ ತಪ್ಪುವುದು. ಗವರ್ನರ್ ಜನರಲ್ ಮೆರವಣಿಗೆಯಲ್ಲಿ ಮುಂದೆ, ಚರ್ಚಿನಲ್ಲಿ ಮುಂದಿನ ಆಸನ, ಸೈನ್ಯ ಅವನದು, ಮೂಲನಿವಾಸಿಗಳೊಂದಿಗಿನ ಮಾತುಕತೆಯೂ ಅವನದು. ಹೆಚ್ಚಾಗಿ ಯುದ್ಧ ಕಂಡ ಕುಲೀನ ಮನೆತನದವನೇ ಈ ಜಾಗಕ್ಕೆ ಬರುತ್ತಿದ್ದ. ಆದರೆ ಖಜಾನೆ, ನ್ಯಾಯ, ಊರಿನ ದಿನನಿತ್ಯದ ವ್ಯವಸ್ಥೆ ಇದ್ದದ್ದು ಇಂಟೆಂಡೆಂಟ್ ಎಂಬ ಇನ್ನೊಬ್ಬ ಅಧಿಕಾರಿಯ ಕೈಯಲ್ಲಿ. ಬ್ರೆಡ್ಡಿನ ಬೆಲೆ, ರಸ್ತೆ, ಬೇಲಿ ಜಗಳ, ಬೆಂಕಿ ಬೀಳದಂತೆ ಚಿಮಣಿ ಗುಡಿಸುವುದು, ಸೈನಿಕರ ಸಂಬಳ, ಎಲ್ಲವೂ ಅವನ ಮೇಜಿಗೇ ಬರುತ್ತಿತ್ತು. ಸಾಮಾನ್ಯ ರೈತನ ಬದುಕನ್ನು ಮುಟ್ಟುತ್ತಿದ್ದವನು ಇಂಟೆಂಡೆಂಟ್.

ಮೊದಲು ಬಂದು ಕೆಲಸ ಮಾಡಿದ ಇಂಟೆಂಡೆಂಟ್ ಜಾಂ ತಾಲೋಂ (1665–1668, ಮತ್ತೆ 1670–1672). 1666ರಲ್ಲಿ ಜನಗಣತಿ ಮಾಡಿಸಿದ. ಹೆಸರು, ವಯಸ್ಸು, ಕಸುಬು, ಮದುವೆ ಆಗಿದೆಯೋ ಇಲ್ಲವೋ ಎಲ್ಲ ಬರೆಸಿದ. ಒಟ್ಟು 3,215 ಜನ. ಕ್ವಿಬೆಕ್‌ನಲ್ಲಿ ಬಿಯರ್ ಕಾರ್ಖಾನೆಯನ್ನೂ ಶುರು ಮಾಡಿದ. ಫ್ರಾನ್ಸಿನಿಂದ ಬರುವ ಬ್ರಾಂಡಿ, ವೈನ್‌ಗೆ ಹೋಗುವ ದುಡ್ಡು ಉಳಿಯಲಿ, ರೈತರ ಧಾನ್ಯಕ್ಕೂ ಗಿರಾಕಿ ಸಿಗಲಿ ಅಂತ. ಅವನು ಹೊರಟ ಮೇಲೆ ಅದು ಮುಚ್ಚಿತು. ಮುಂದೆ ಆ ಕಟ್ಟಡವೇ ಇಂಟೆಂಡೆಂಟರ ಅರಮನೆಯಾಯಿತು.

ಒಂದೇ ಊರಲ್ಲಿ ಇಬ್ಬರು ದೊಡ್ಡವರನ್ನು ಇಟ್ಟರೆ ಜಗಳ ಆಗುವುದಿಲ್ಲವೇ?

ಆಗುತ್ತದೆ, ಆಗಲಿ ಅಂತಲೇ ಇಟ್ಟಿದ್ದರು ಅನ್ನಿಸುತ್ತದೆ. ಸಾವಿರಾರು ಮೈಲಿ ದೂರದಲ್ಲಿ ಒಬ್ಬನ ಕೈಗೇ ಸೈನ್ಯ ಮತ್ತು ಖಜಾನೆ ಎರಡೂ ಕೊಟ್ಟರೆ ರಾಜನಿಗೆ ಭಯ. ಇಬ್ಬರಿದ್ದರೆ ಒಬ್ಬನ ಮೇಲೆ ಇನ್ನೊಬ್ಬ ದೂರು ಬರೆಯುತ್ತಾನೆ, ವರ್ಸಾಯ್‌ನ ರಾಜನ ಅರಮನೆಗೆ ಎರಡೂ ಕಡೆಯ ಸುದ್ದಿ ಸಿಗುತ್ತದೆ.

ಇದರ ಅತಿರೇಕ ಕಂಡಿದ್ದು ಗವರ್ನರ್ ಫ್ರಂಟೆನಾಕ್ ಮತ್ತು ಇಂಟೆಂಡೆಂಟ್ ದ್ಯುಶೆನೋ ಕಾಲದಲ್ಲಿ. ವಸಾಹತಿನ ದೊಡ್ಡ ನ್ಯಾಯಮಂಡಳಿಯ ನಡವಳಿ ಪುಸ್ತಕದಲ್ಲಿ ಗವರ್ನರನನ್ನು ಅಧ್ಯಕ್ಷ ಎಂದು ಬರೆಯಬೇಕೋ ಬೇಡವೋ ಎಂಬುದೇ 1679ರಲ್ಲಿ ಮಹಾಯುದ್ಧವಾಯಿತು. ಸಭೆ ನಡೆಸುವ ಹಕ್ಕು 1675ರಿಂದ ಇಂಟೆಂಡೆಂಟನದು. ಆದರೂ ಫ್ರಂಟೆನಾಕ್ ಬಿಡಲಿಲ್ಲ. ಮಂಡಳಿಯ ಕೆಲಸ ನಿಂತಿತು. ಕೊನೆಗೆ 1682ರಲ್ಲಿ ರಾಜ ಇಬ್ಬರನ್ನೂ ವಾಪಸ್ ಕರೆಸಿಕೊಂಡ. ತಮಾಷೆ ನೋಡಿ, ಇಂಗ್ಲಿಷರ ಜೊತೆ ಯುದ್ಧ ಬಂದಾಗ 1689ರಲ್ಲಿ ಅದೇ ಫ್ರಂಟೆನಾಕ್‌ನನ್ನು ಮತ್ತೆ ಕಳಿಸಿದರು. ಜಗಳಗಂಟ ನಿಜ, ಆದರೆ ಯುದ್ಧಕ್ಕೆ ಅವನೇ ಬೇಕಿತ್ತು.

ಬಿಷಪ್‌ಗೆ ಆಡಳಿತದಲ್ಲಿ ಏನು ಪಾತ್ರ?

ಶುರುವಿನಲ್ಲಿ ಬಹಳ. 1659ರಲ್ಲಿ ಬಂದ ಫ್ರಾನ್ಸ್ವಾ ದ ಲವಾಲ್ ಮಂಡಳಿಯಲ್ಲಿ ಗವರ್ನರ್ ಪಕ್ಕ ಕೂರುತ್ತಿದ್ದ, ಸದಸ್ಯರ ಆಯ್ಕೆಯಲ್ಲೂ ಅವನ ಮಾತು ನಡೆಯುತ್ತಿತ್ತು. ಅವನ ದೊಡ್ಡ ಹೋರಾಟ ಬ್ರಾಂಡಿ ವಿರುದ್ಧ. ತುಪ್ಪಳಕ್ಕೆ ಬದಲಾಗಿ ಮೂಲನಿವಾಸಿಗಳಿಗೆ ಬ್ರಾಂಡಿ ಕೊಡುವ ವ್ಯಾಪಾರಿಗಳನ್ನು ಧರ್ಮದಿಂದ ಹೊರಹಾಕುವುದಾಗಿ 1660ರಲ್ಲೇ ಸಾರಿದ್ದ. ವ್ಯಾಪಾರಿಗಳ ವಾದ ಬೇರೆ: ನಾವು ಕೊಡದಿದ್ದರೆ ಅವರು ಇಂಗ್ಲಿಷರ ರಮ್ ಕಡೆ ಹೋಗುತ್ತಾರೆ, ತುಪ್ಪಳವೂ ಹೋಗುತ್ತದೆ. 1678ರಲ್ಲಿ ರಾಜನ ಅಪ್ಪಣೆ ಮೇರೆಗೆ 20 ಜನ ಗಣ್ಯರನ್ನು ಸೇರಿಸಿ ಅಭಿಪ್ರಾಯ ಕೇಳಿದರು. ಬಹುಪಾಲು ಜನ ಬ್ರಾಂಡಿ ಪರ ಹೇಳಿದರು. ಆ 20ರಲ್ಲಿ ತುಪ್ಪಳದ ವ್ಯಾಪಾರ ಇದ್ದವರೇ ಜಾಸ್ತಿ, ಇನ್ನೇನು ಹೇಳುತ್ತಾರೆ!

ದಿನ ಕಳೆದಂತೆ ಬಿಷಪ್‌ನ ರಾಜಕೀಯ ಶಕ್ತಿ ಇಳಿಯಿತು. ಆದರೆ ಆಸ್ಪತ್ರೆ, ಶಾಲೆ, ಬಡವರ ಪಾಲನೆ ಎಲ್ಲ ಚರ್ಚಿನ ಕೈಯಲ್ಲೇ ಉಳಿಯಿತು.

ರಾಜನ ಆದೇಶ ಕ್ವಿಬೆಕ್ ತಲುಪಲು ಎಷ್ಟು ಕಾಲ ಬೇಕಿತ್ತು?

ವರ್ಷಕ್ಕೆ ಒಂದು ಸುತ್ತು. ಚಳಿಗಾಲದಲ್ಲಿ ಸೇಂಟ್ ಲಾರೆನ್ಸ್ ಹೆಪ್ಪುಗಟ್ಟುತ್ತದೆ. ಹಡಗು ಬೇಸಿಗೆಯಲ್ಲಿ ಬಂದು, ಚಳಿಗೆ ಮುಂಚೆ ಹೊರಡಬೇಕು. ಈ ಶರತ್ಕಾಲದಲ್ಲಿ ಗವರ್ನರ್ ಬರೆದ ಪತ್ರಕ್ಕೆ ಉತ್ತರ ಸಿಗುವುದು ಮುಂದಿನ ಬೇಸಿಗೆಗೆ. ಅಷ್ಟರಲ್ಲಿ ಪರಿಸ್ಥಿತಿಯೇ ಬದಲಾಗಿರುತ್ತಿತ್ತು. ಈ ಒಂದು ಸಂಗತಿ ಗೊತ್ತಾದರೆ ಸಾಕು, ಅಲ್ಲಿನ ಆಡಳಿತದ ಅರ್ಧ ವಿಷಯ ಅರ್ಥವಾಗುತ್ತದೆ. ಒಪ್ಪಿಗೆ ಕೇಳುತ್ತಾ ಕೂತರೆ ಕೆಲಸ ಕೆಡುತ್ತದೆ, ಕೇಳದೆ ಮಾಡಿದರೆ ಬೈಗುಳ. ಬಹುತೇಕ ಅಧಿಕಾರಿಗಳು ಬೈಗುಳವನ್ನೇ ಆರಿಸಿಕೊಂಡರು.

ಜನರಿಗೆ ಮತ ಹಾಕುವ ಹಕ್ಕು ಇತ್ತೇ?

ಇಲ್ಲ. ಪಕ್ಕದ ಇಂಗ್ಲಿಷ್ ವಸಾಹತುಗಳಲ್ಲಿ ಚುನಾಯಿತ ಸಭೆಗಳಿದ್ದವು, ಇಲ್ಲಿ ಇರಲಿಲ್ಲ. 1672ರಲ್ಲಿ ಹೊಸದಾಗಿ ಬಂದ ಫ್ರಂಟೆನಾಕ್ ಪಾದ್ರಿಗಳು, ಕುಲೀನರು, ಸಾಮಾನ್ಯರು ಎಂದು ಜನರನ್ನು ವರ್ಗವಾರು ಸೇರಿಸಿ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿಸಿದ. ಕೋಲ್ಬೇರ್ ಮರುವರ್ಷ ಬರೆದು ಗದರಿಸಿದ: ಪ್ರತಿಯೊಬ್ಬ ತನ್ನ ಪರವಾಗಿ ಮಾತಾಡಲಿ, ಎಲ್ಲರ ಪರವಾಗಿ ಯಾರೂ ಮಾತಾಡುವುದು ಬೇಡ. ಊರಿನ ಪರ ಅರ್ಜಿ ಹಿಡಿದು ಬರುವ ಪ್ರತಿನಿಧಿಗಳ ಪದ್ಧತಿಯನ್ನೂ ಮೆಲ್ಲಗೆ ನಿಲ್ಲಿಸು ಎಂದ.

ಹಾಗಂತ ಜನ ಬಾಯಿ ಮುಚ್ಚಿ ಕೂತಿರಲಿಲ್ಲ. 1717ರಲ್ಲಿ ಮಾಂಟ್ರಿಯಲ್ ಕೋಟೆ ಗೋಡೆಗೆ ಬಿಟ್ಟಿ ದುಡಿಯಿರಿ ಎಂದಾಗ ಲೋಂಗೆಯ್ ಊರಿನ ರೈತರು ಗವರ್ನರ್ ಎದುರೇ ತಿರುಗಿಬಿದ್ದರು. ಕೆಲವರು ಜೈಲಿಗೆ ಹೋದರು. 1757ರ ಚಳಿಗಾಲದಲ್ಲಿ ದನದ ಮಾಂಸ ಸಾಲದೆ ಕುದುರೆ ಮಾಂಸ ಹಂಚಿದಾಗ ಮಾಂಟ್ರಿಯಲ್ ಹೆಂಗಸರು ಗವರ್ನರ್ ಮನೆ ಬಾಗಿಲಿಗೇ ಹೋಗಿ ಗಲಾಟೆ ಮಾಡಿದರು. ಇನ್ನು ಹೆಚ್ಚಿನವರದು ಸದ್ದಿಲ್ಲದ ದಾರಿ, ಆದೇಶ ಕೇಳಿಸಿಕೊಂಡು ಸುಮ್ನೆ ಮರೆತುಬಿಡುವುದು. 1709ರಲ್ಲಿ ಇಂಟೆಂಡೆಂಟ್ ರೊದೊ, ಮಾಂಟ್ರಿಯಲ್ ಕಡೆಯ ರೈತರು ಎರಡು ಕುದುರೆ, ಒಂದು ಮರಿಗಿಂತ ಹೆಚ್ಚು ಸಾಕಬಾರದು ಎಂದು ಸಾರಿದ. ಕುದುರೆಗೇ ಮೇವು ಹಾಕಿದರೆ ದನ ಕಡಿಮೆಯಾಗುತ್ತವೆ, ಹುಡುಗರು ಹಿಮದಲ್ಲಿ ನಡೆಯುವುದನ್ನೇ ಮರೆಯುತ್ತಾರೆ ಎಂಬುದು ಅವನ ಚಿಂತೆ. ಫ್ರಾನ್ಸಿನ ಬಡ ರೈತನಿಗೆ ಕುದುರೆ ಕನಸು, ಇಲ್ಲಿ ಮನೆ ಮುಂದೆ ಕಟ್ಟಿದೆ. ಯಾರು ಬಿಡುತ್ತಾರೆ? ಕುದುರೆಗಳು ಹೆಚ್ಚುತ್ತಲೇ ಹೋದವು.

ನ್ಯಾಯ ಹೇಗೆ ಸಿಗುತ್ತಿತ್ತು? ವಕೀಲರಿರಲಿಲ್ಲವಂತೆ, ನಿಜವೇ?

ನಿಜ. ವಕೀಲರು ವಸಾಹತಿನಲ್ಲಿ ವೃತ್ತಿ ಮಾಡುವಂತಿರಲಿಲ್ಲ. ಅವರು ಬಂದರೆ ವ್ಯಾಜ್ಯ ಬೆಳೆಯುತ್ತವೆ ಎಂದು ಸರ್ಕಾರದ ನಂಬಿಕೆ. ಜನ ತಮ್ಮ ಕೇಸು ತಾವೇ ಹೇಳಿಕೊಳ್ಳುತ್ತಿದ್ದರು. ಬರವಣಿಗೆಗೆ ನೋಟರಿ ಇದ್ದ. ಮದುವೆ ಒಪ್ಪಂದ, ಜಮೀನು ಪತ್ರ, ಉಯಿಲು, ಸಾಲ ಎಲ್ಲ ಅವನ ಮುಂದೆಯೇ. ಇವತ್ತು ಇತಿಹಾಸಕಾರರಿಗೆ ಆ ಕಾಲದ ಮನೆಯೊಳಗಿನ ಪಾತ್ರೆ, ಹಾಸಿಗೆ, ಹಸುಗಳ ಲೆಕ್ಕ ಸಿಗುವುದೂ ಆ ನೋಟರಿಗಳ ಕಡತದಿಂದ.

ಕಾನೂನು ಪ್ಯಾರಿಸ್ ಪ್ರದೇಶದ ರೂಢಿಗತ ಕಾನೂನು. ಕೆಳಗೆ ಊರಿನ ಕೋರ್ಟು, ಮೇಲೆ ಕ್ವಿಬೆಕ್‌ನ ಸಾವರೇನ್ ಕೌನ್ಸಿಲ್, ಅಂದರೆ ಆಗಲೇ ಹೇಳಿದ ದೊಡ್ಡ ನ್ಯಾಯಮಂಡಳಿ. ಅದು ಮೇಲ್ಮನವಿ ಕೇಳುತ್ತಿತ್ತು, ರಾಜನ ಆದೇಶಗಳನ್ನು ದಾಖಲು ಮಾಡುತ್ತಿತ್ತು. 1663ರಲ್ಲಿ ಐದು ಸದಸ್ಯರು, 1703ಕ್ಕೆ ಹನ್ನೆರಡು. ಆ ಹೊತ್ತಿಗೆ ಹೆಸರನ್ನೂ ಸುಪೀರಿಯರ್ ಕೌನ್ಸಿಲ್ ಎಂದು ಬದಲಿಸಿದರು. ಸಾವರೇನ್, ಅಂದರೆ ಸಾರ್ವಭೌಮ, ಎಂಬ ಪದ ರಾಜನಿಗಲ್ಲದೆ ಬೇರೆಯವರಿಗೆ ಯಾಕೆ ಅಂತ.

ಕ್ರಿಮಿನಲ್ ಕೇಸುಗಳಲ್ಲಿ ಮಾತ್ರ ಫ್ರಾನ್ಸಿನ ಕ್ರೂರ ಪದ್ಧತಿಯೇ. ಚಿತ್ರಹಿಂಸೆಗೂ ಕಾನೂನಿನ ಒಪ್ಪಿಗೆ ಇತ್ತು.

ಗಲ್ಲಿಗೇರಿಸುವವನು ಸಿಗುತ್ತಿರಲಿಲ್ಲ ಎಂಬ ಕಥೆ ನಿಜವೇ?

ಹೌದು, ಆ ಕೆಲಸಕ್ಕೆ ಯಾರೂ ಬರುತ್ತಿರಲಿಲ್ಲ. ಊರಿನವರು ಅವನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹಾಗಾಗಿ ಶಿಕ್ಷೆಯಾದ ಕೈದಿಗೇ ಆ ಕೆಲಸ ಕೊಟ್ಟು ಕ್ಷಮೆ ನೀಡುವುದು ರೂಢಿಯಾಯಿತು. 1751ರಲ್ಲಿ ಕ್ವಿಬೆಕ್ ಜೈಲಿನಲ್ಲಿ ಫ್ರಾನ್ಸ್ವಾಜ್ ಲೊರಾಂ ಎಂಬ ಹುಡುಗಿ ಇದ್ದಳು. ಕಳ್ಳತನಕ್ಕೆ ಗಲ್ಲು ಶಿಕ್ಷೆಯಾಗಿತ್ತು. ಶಿಕ್ಷೆ ಜಾರಿ ಮಾಡಲು ಆಳು ಇರಲಿಲ್ಲವಾದ್ದರಿಂದ ಕಾಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ದ್ವಂದ್ವಯುದ್ಧ ಮಾಡಿ ಸಿಕ್ಕಿಬಿದ್ದ ಜಾಂ ಕೊರೊಲೇರ್ ಎಂಬ ಸೈನ್ಯದ ತಮಟೆಗಾರ. ಅವನು ಗಲ್ಲಿಗೇರಿಸುವ ಕೆಲಸ ನನಗೆ ಕೊಡಿ ಎಂದು ಅರ್ಜಿ ಹಾಕಿದ. ಕೆಲಸ ಸಿಕ್ಕಿತು, ಬಿಡುಗಡೆಯಾಯಿತು. ಮರುದಿನವೇ ಇನ್ನೊಂದು ಅರ್ಜಿ: ಅವಳನ್ನು ಮದುವೆಯಾಗುತ್ತೇನೆ. ಗಲ್ಲಿಗೇರಿಸುವವನ ಹೆಂಡತಿಯಾದರೆ ಅವಳ ಪ್ರಾಣವೂ ಉಳಿಯುತ್ತದೆ. ಮದುವೆ ನಡೆಯಿತು.

ಜಮೀನು ಯಾರದು?

ಎಲ್ಲ ರಾಜನದು, ಅಲ್ಲಿಂದ ಶುರು. ರಾಜನ ಪರವಾಗಿ ಗವರ್ನರ್ ಮತ್ತು ಇಂಟೆಂಡೆಂಟ್ ಸೇರಿ ದೊಡ್ಡ ಭಾಗಗಳನ್ನು ಸೆನ್ಯೋರ್ ಎಂಬ ಜಮೀನುದಾರರಿಗೆ ಕೊಡುತ್ತಿದ್ದರು. ಸೆನ್ಯೋರ್ ಅದನ್ನು ತುಂಡು ಮಾಡಿ ರೈತರಿಗೆ ಹಂಚಬೇಕು. ಇಂಥ ಜಮೀನುದಾರಿಕೆಗಳು ಕೊನೆಗೆ ಸುಮಾರು 200 ಇದ್ದವು. ಅದರಲ್ಲಿ ದೊಡ್ಡ ಪಾಲು ಚರ್ಚು, ಮಠಗಳದು. ಮಾಂಟ್ರಿಯಲ್ ದ್ವೀಪ ಪೂರ್ತಿ ಸಲ್ಪೀಶಿಯನ್ ಪಾದ್ರಿಗಳದ್ದಾಗಿತ್ತು.

ರೈತ ಕೊಡಬೇಕಾದ್ದು ಹೀಗೆ. ವರ್ಷಕ್ಕೊಮ್ಮೆ ಸಣ್ಣ ಗೇಣಿ, ದುಡ್ಡಲ್ಲೋ ಕೋಳಿ, ಧಾನ್ಯದಲ್ಲೋ. ಸೆನ್ಯೋರನ ಗಿರಣಿಯಲ್ಲೇ ಹಿಟ್ಟು ಬೀಸಿಸಬೇಕು, ಅದಕ್ಕೆ 14ರಲ್ಲಿ ಒಂದು ಪಾಲು. ಜಮೀನು ಹೊರಗಿನವರಿಗೆ ಮಾರಿದರೆ ಬೆಲೆಯ 12ರಲ್ಲಿ ಒಂದು ಪಾಲು. ಕೆಲವು ಕಡೆ ವರ್ಷಕ್ಕೆ ಕೆಲವು ದಿನ ಬಿಟ್ಟಿ ಕೆಲಸ. ಚರ್ಚಿಗೆ ಧಾನ್ಯದಲ್ಲಿ 26ರಲ್ಲಿ ಒಂದು. ಇದನ್ನು 13ರಲ್ಲಿ ಒಂದು ಮಾಡಲು ಬಿಷಪ್ ಲವಾಲ್ ಹೊರಟಾಗ ಜನ ಒಪ್ಪಲಿಲ್ಲ. ಅರ್ಧಕ್ಕೆ ಇಳಿಯಿತು, ಹಾಗೇ ನಿಂತಿತು.

ಸೆನ್ಯೋರನಿಗೂ ಕಟ್ಟುಪಾಡಿತ್ತು ಎಂಬುದು ಗಮನಿಸಬೇಕಾದ ವಿಷಯ. 1711ರ ಮಾರ್ಲಿ ಆದೇಶಗಳ ಪ್ರಕಾರ ಕೇಳಿದ ರೈತನಿಗೆ ಮುಂಗಡ ಹಣ ಪಡೆಯದೆ ಜಮೀನು ಕೊಡಬೇಕು. ಕೊಡದಿದ್ದರೆ ಅಧಿಕಾರಿಗಳೇ ಕೊಡಿಸಬಹುದು. ಕೃಷಿ ಮಾಡದ ರೈತನಿಂದಲೂ ಜಮೀನು ವಾಪಸ್ ಪಡೆಯಬಹುದು. ಕಾಡು ಬೇಕಾದಷ್ಟಿತ್ತು, ದುಡಿಯುವ ಕೈ ಕಡಿಮೆ. ಶುರುವಿನ ದಿನಗಳಲ್ಲಿ ಎಷ್ಟೋ ಸೆನ್ಯೋರ್‌ಗಳು ತಾವೇ ಕೊಡಲಿ ಹಿಡಿದು ಮರ ಕಡಿದರು. ಜನ ಹೆಚ್ಚಿ ಜಮೀನು ಬಿಗಿಯಾದಂತೆ, ಅಂದರೆ 18ನೇ ಶತಮಾನ ಮುಂದುವರಿದಂತೆ, ಜಮೀನುದಾರರ ಹಿಡಿತವೂ ಬಿಗಿಯಾಯಿತು. ಆದ್ದರಿಂದ ಈ ಪದ್ಧತಿಯನ್ನು ಮೃದು ಎಂದು ಹೊಗಳುವವರ ಮಾತು ಅರ್ಧ ಕಾಲಕ್ಕಷ್ಟೇ ಒಪ್ಪುತ್ತದೆ.

ಜಮೀನುಗಳು ಉದ್ದನೆ ಪಟ್ಟಿಯಂತೆ ಯಾಕಿವೆ?

ಎಲ್ಲರಿಗೂ ನದಿ ಬೇಕಿತ್ತು. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹಿಮದ ಮೇಲೆ ಸ್ಲೆಡ್ (ಜಾರುಬಂಡಿ), ಎರಡಕ್ಕೂ ಅದೇ ದಾರಿ. ಮೀನು, ನೀರು ಅಲ್ಲೇ. ಅದಕ್ಕೇ ನದಿಗೆ ಕಿರಿದಾಗಿ ಮುಖ ಮಾಡಿದ, ಹಿಂದಕ್ಕೆ ಕಾಡಿನವರೆಗೆ ಚಾಚಿದ ಜಮೀನು. ಇನ್ನೊಂದು ಲಾಭ, ಮನೆಗಳು ದಂಡೆಯುದ್ದಕ್ಕೂ ಹತ್ತಿರ ಹತ್ತಿರ ಬಂದವು. ಆದರೆ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಅವರಿಗೆ ಫ್ರಾನ್ಸಿನಂತೆ ಗುಂಪಾಗಿ ಕಟ್ಟಿದ ಹಳ್ಳಿ ಬೇಕಿತ್ತು, ಕಾಯುವುದೂ ಸುಲಭ, ಆಳುವುದೂ ಸುಲಭ. ಆ ಚೌಕಾಸಿಯಲ್ಲಿ ಗೆದ್ದವರು ರೈತರು.

ತೆರಿಗೆ ಎಷ್ಟಿತ್ತು?

ಫ್ರಾನ್ಸಿನ ರೈತನ ಸೊಂಟ ಮುರಿಯುತ್ತಿದ್ದ ತಾಯ್ ಎಂಬ ನೇರ ತೆರಿಗೆ ಇಲ್ಲಿರಲಿಲ್ಲ. ಬೀವರ್ ಚರ್ಮ, ಮೂಸ್ ಎಂಬ ದೊಡ್ಡ ಜಿಂಕೆಯ ಚರ್ಮದ ರಫ್ತಿನ ಮೇಲೆ, ವೈನ್, ಬ್ರಾಂಡಿ, ತಂಬಾಕಿನ ಆಮದಿನ ಮೇಲೆ ಸುಂಕ. ಅಷ್ಟೇ. ಅದು ಸಾಲದೆ ರಾಜ ವರ್ಷ ವರ್ಷ ಕೈಯಿಂದ ಹಾಕುತ್ತಿದ್ದ. ಜನ ದುಡ್ಡಿನ ಬದಲು ಮೈಮುರಿದು ಕೊಟ್ಟರು: ಸೇನೆ ಸೇವೆ ಮತ್ತು ರಸ್ತೆ ಕೆಲಸ. ಕ್ವಿಬೆಕ್‌ನಿಂದ ಮಾಂಟ್ರಿಯಲ್‌ಗೆ ಸುಮಾರು 280 ಕಿಲೋಮೀಟರಿನ ರಾಜರಸ್ತೆ 1730ರ ದಶಕದಲ್ಲಿ ತೆರೆದದ್ದು ದಂಡೆಯ ರೈತರ ಬಿಟ್ಟಿ ದುಡಿಮೆಯಿಂದಲೇ.

ಹಳ್ಳಿಯಲ್ಲಿ ಸರ್ಕಾರ ಅಂದರೆ ಯಾರು?

ಮಿಲಿಷಿಯಾ ಕ್ಯಾಪ್ಟನ್. 1669ರಲ್ಲಿ ರಾಜನ ಆದೇಶದ ಮೇಲೆ 16ರಿಂದ 60 ವರ್ಷದ ಗಂಡಸರೆಲ್ಲ ಸ್ಥಳೀಯ ಪಡೆಗೆ ಸೇರಬೇಕಾಯಿತು. ಪ್ರತಿ ಪ್ಯಾರಿಶ್‌ಗೆ, ಅಂದರೆ ಒಂದು ಚರ್ಚಿಗೆ ಸೇರಿದ ಊರಿಗೆ, ಒಬ್ಬ ಕ್ಯಾಪ್ಟನ್. ಸಂಬಳವಿಲ್ಲ, ಗೌರವ ಬೇಕಾದಷ್ಟು. ಅವನು ಹೆಚ್ಚಾಗಿ ರೈತನೇ, ಸೆನ್ಯೋರ್ ಅಲ್ಲ. ನಮ್ಮ ಹಳೆ ಮೈಸೂರಿನ ಊರ ಪಟೇಲನನ್ನು ನೆನೆಸಿಕೊಳ್ಳಿ, ಸ್ವಲ್ಪ ಹಾಗೆ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಇಂಟೆಂಡೆಂಟನ ಆದೇಶ ಓದಿ ಹೇಳುವವನು ಅವನು. ರಸ್ತೆ ಕೆಲಸಕ್ಕೆ ಯಾರು ಬರಬೇಕು ಎಂದು ಹೇಳುವವನೂ ಅವನೇ. ಓದಿ ಹೇಳದೆ ಬೇರೆ ದಾರಿ ಇರಲಿಲ್ಲ. ಫ್ರೆಂಚರ ಕಾಲ ಮುಗಿಯುವವರೆಗೂ ಕ್ವಿಬೆಕ್‌ನಲ್ಲಿ ಒಂದು ಮುದ್ರಣಾಲಯವೂ ಇರಲಿಲ್ಲ, ಪತ್ರಿಕೆಯೂ ಇಲ್ಲ.

ಇದರಲ್ಲಿ ಜಾಣತನ ಇದೆ. ಸರ್ಕಾರದ ಮಾತು ಜಮೀನುದಾರನನ್ನು ದಾಟಿ ನೇರವಾಗಿ ರೈತನಿಗೆ ಬರುತ್ತಿತ್ತು. ಸೆನ್ಯೋರ್ ತನ್ನದೇ ಪುಟ್ಟ ರಾಜ್ಯ ಕಟ್ಟಿಕೊಳ್ಳಲು ಆಗಲಿಲ್ಲ.

‘ರಾಜನ ಹೆಣ್ಣುಮಕ್ಕಳು’ ಯಾರು?

1663ರಿಂದ 1673ರವರೆಗೆ ರಾಜನ ಖರ್ಚಿನಲ್ಲಿ ಬಂದ ಸುಮಾರು 770 ಅವಿವಾಹಿತ ಹೆಂಗಸರು. ವಸಾಹತಿನಲ್ಲಿ ಗಂಡಸರು ಜಾಸ್ತಿ, ಮದುವೆಗೆ ಹೆಣ್ಣಿಲ್ಲ. ಇವರಲ್ಲಿ ಬಹಳ ಜನ ತಂದೆ ಇಲ್ಲದವರು. ಹಲವರು ಪ್ಯಾರಿಸ್ಸಿನ ಅನಾಥಾಲಯದಲ್ಲಿ ಬೆಳೆದವರು. ಮದುವೆಗೆ ರಾಜನಿಂದ ಸಾಮಾನ್ಯವಾಗಿ 50 ಲೀವ್ರ್ (ಆಗಿನ ಫ್ರೆಂಚ್ ಹಣ) ಉಡುಗೊರೆ, ಅದೂ ಎಲ್ಲರಿಗೂ ಸಿಗಲಿಲ್ಲ. ಅವರು ನಡತೆಗೆಟ್ಟವರು ಎಂಬ ಹಳೆ ಚಾಡಿಗೆ ಆಧಾರವಿಲ್ಲ.

ಇವರನ್ನು ದನದಂತೆ ಹಂಚಿದರು ಎಂದುಕೊಳ್ಳಬೇಡಿ. ಆಯ್ಕೆ ಹೆಣ್ಣಿನ ಕೈಯಲ್ಲಿತ್ತು. ಬೇಡ ಅನ್ನಿಸಿದರೆ ಒಪ್ಪಂದ ರದ್ದು ಮಾಡಿ ಇನ್ನೊಬ್ಬನನ್ನು ನೋಡಿದವರು ಎಷ್ಟೋ ಜನ. ಕ್ವಿಬೆಕ್‌ನ ಸನ್ಯಾಸಿನಿ ಮಾರಿ ದ ಲಿಂಕಾರ್ನಾಸಿಯೋಂ ಬರೆದಂತೆ, ಹುಡುಗಿಯರು ಮೊದಲು ಕೇಳುತ್ತಿದ್ದದ್ದು ನಿನಗೆ ಮನೆ ಇದೆಯಾ ಅಂತ.

ಗಂಡಸರ ಮೇಲೆ ಮಾತ್ರ ಒತ್ತಡ ಚೆನ್ನಾಗಿಯೇ ಇತ್ತು. ಹಡಗು ಬಂದ 15 ದಿನದೊಳಗೆ ಮದುವೆಯಾಗದ ಬ್ರಹ್ಮಚಾರಿಗೆ ಬೇಟೆ, ಮೀನುಗಾರಿಕೆ, ತುಪ್ಪಳ ವ್ಯಾಪಾರ ಬಂದ್ ಎಂದು ತಾಲೋಂ ಆದೇಶ ಹೊರಡಿಸಿದ್ದ. 20ರೊಳಗೆ ಮದುವೆಯಾದ ಹುಡುಗನಿಗೆ 20 ಲೀವ್ರ್. ಹತ್ತು ಮಕ್ಕಳಿರುವ ಮನೆಗೆ ವರ್ಷಕ್ಕೆ 300, ಹನ್ನೆರಡಿದ್ದರೆ 400. ಸನ್ಯಾಸ ಹಿಡಿದ ಮಕ್ಕಳು ಲೆಕ್ಕಕ್ಕಿಲ್ಲ! ಫಲ ಕಂಡಿತು. ಫ್ರಾನ್ಸಿನಿಂದ ಬಂದು ನೆಲೆ ನಿಂತವರು ಕಡಿಮೆ, ಆದರೂ ಮನೆಯೊಳಗಿನ ಸಂತಾನದಿಂದಲೇ 1760ಕ್ಕೆ ಜನಸಂಖ್ಯೆ 60,000 ದಾಟಿತ್ತು. ಅದೇ ಹೊತ್ತಿಗೆ ಇಂಗ್ಲಿಷ್ ವಸಾಹತುಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು ಎಂಬುದನ್ನೂ ಮರೆಯಬೇಡಿ.

ಹೆಂಗಸರಿಗೆ ಆಸ್ತಿ ಹಕ್ಕು ಇತ್ತೇ?

ಇತ್ತು, ಆ ಕಾಲಕ್ಕೆ ಚೆನ್ನಾಗಿಯೇ ಇತ್ತು. ಮದುವೆಯಾದ ಮೇಲೆ ದುಡಿದ ಆಸ್ತಿ ಗಂಡ ಹೆಂಡತಿ ಇಬ್ಬರದೂ, ಗಂಡ ಸತ್ತರೆ ಅರ್ಧ ಅವಳದು. ಸಾಮಾನ್ಯ ರೈತರ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಸೆನ್ಯೋರ್ ಮನೆಗಳಲ್ಲಿ ಮಾತ್ರ ಹಿರಿಮಗನಿಗೆ ಹೆಚ್ಚು. ಆದರೆ ಗಂಡ ಬದುಕಿರುವಾಗ ಆಸ್ತಿ ನಡೆಸುವವನು ಅವನೇ. ಪೂರ್ತಿ ಸ್ವಾತಂತ್ರ್ಯ ಸಿಗುತ್ತಿದ್ದದ್ದು ವಿಧವೆಗೆ, ಇಲ್ಲವೇ ಮದುವೆಯಾಗದೆ ಉಳಿದವಳಿಗೆ. ಲೂಯಿಜ್ ದ ರಾಮೆಜೆ ಮದುವೆಯಾಗದೆಯೇ ಮರ ಕೊಯ್ಯುವ ಮಿಲ್ಲುಗಳನ್ನು ನಡೆಸಿದಳು. ಅಗಾತ್ ದ ಸೇಂ-ಪೇರ್ ಮಾತ್ರ ಗಂಡ ಇದ್ದಾಗಲೇ ವ್ಯವಹಾರಕ್ಕಿಳಿದವಳು. 1704ರಲ್ಲಿ ಫ್ರಾನ್ಸಿನಿಂದ ಬಟ್ಟೆ ತರುತ್ತಿದ್ದ ಹಡಗು ಇಂಗ್ಲಿಷರ ಪಾಲಾದಾಗ, ಮೂಲನಿವಾಸಿಗಳ ಸೆರೆಯಲ್ಲಿದ್ದ ಇಂಗ್ಲಿಷ್ ನೇಕಾರರನ್ನು ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದು ಮಾಂಟ್ರಿಯಲ್‌ನಲ್ಲಿ ನೇಯ್ಗೆ ಶುರು ಮಾಡಿದಳು.

ಕಾಡಿಗೆ ಓಡಿಹೋಗುತ್ತಿದ್ದವರು ಯಾರು?

ಕೂರ್ಯೂರ್ ದ ಬ್ವಾ ಎಂದು ಹೆಸರಾದ ಹುಡುಗರು. ಹೊಲ ಬಿಟ್ಟು, ದೋಣಿ ಹತ್ತಿ, ಪಶ್ಚಿಮದ ಸರೋವರಗಳ ಕಡೆ ತುಪ್ಪಳ ತರಲು ಹೋಗುವವರು. ಸರ್ಕಾರಕ್ಕೆ ತಲೆನೋವು. 1681ರಲ್ಲಿ ಕೋಲ್ಬೇರ್ ವರ್ಷಕ್ಕೆ 25 ಪರವಾನಗಿ ಕೊಡುವ ಪದ್ಧತಿ ತಂದ. ಪರವಾನಗಿ ಇಲ್ಲದೆ ಹೋಗುವವರು ನಿಲ್ಲಲಿಲ್ಲ. ಹಿಡಿಯಲು ಹೋಗುವವರಾದರೂ ಯಾರು?

ಮೂಲನಿವಾಸಿಗಳೂ ರಾಜನ ಪ್ರಜೆಗಳೇ?

ಫ್ರೆಂಚರು ಹಾಗೆ ಹೇಳಿಕೊಳ್ಳಲು ಇಷ್ಟಪಡುತ್ತಿದ್ದರು. ಅವರು ಒಪ್ಪಿರಲಿಲ್ಲ. ವೆಂಡಾಟ್, ಒಡಾವಾ, ಅಬೆನಾಕಿ ಮುಂತಾದ ಜನಾಂಗಗಳು ತಮ್ಮನ್ನು ಮಿತ್ರರು ಎಂದುಕೊಂಡಿದ್ದರು, ಆಳುಗಳಲ್ಲ. ಗವರ್ನರನನ್ನು ಒನೋಂತಿಯೋ ಎಂದು ಕರೆದು ತಂದೆಯ ಸ್ಥಾನ ಕೊಡುತ್ತಿದ್ದರು. ಆದರೆ ಅವರ ಲೆಕ್ಕದಲ್ಲಿ ತಂದೆ ಅಂದರೆ ಕೊಡುವವನು, ಅಪ್ಪಣೆ ಮಾಡುವವನಲ್ಲ. ಪ್ರತಿವರ್ಷ ಬಂದೂಕು, ಮದ್ದು, ಕಂಬಳಿ, ಬಟ್ಟೆ ಉಡುಗೊರೆ ಹೋಗಲೇಬೇಕು. ಒಂದು ವರ್ಷ ಕೈ ಬಿಗಿ ಮಾಡಿದರೆ ಸ್ನೇಹವೂ ಬಿಗಿ. 1701ರಲ್ಲಿ ಗವರ್ನರ್ ಕಾಲ್ಯೇರ್ ಮಾಂಟ್ರಿಯಲ್‌ನಲ್ಲಿ ಮಹಾಶಾಂತಿ ಸಭೆ ಕರೆದ. ಸುಮಾರು 1,300 ಪ್ರತಿನಿಧಿಗಳು ಬಂದರು. ಇದನ್ನು ಕೂಡಿಸಲು ಬಹಳ ದುಡಿದ ವೆಂಡಾಟ್ ನಾಯಕ ಕೊಂಡಿಯರೋಂಕ್ ಸಭೆ ನಡೆಯುವಾಗಲೇ ಜ್ವರದಿಂದ ತೀರಿಕೊಂಡ. ಅವನಿಗೆ ದೊಡ್ಡ ಗೌರವದ ಅಂತ್ಯಸಂಸ್ಕಾರ ನಡೆಯಿತು. ಆಮೇಲೆ ಒಪ್ಪಂದಕ್ಕೆ ಗುರುತು ಹಾಕಿದರು.

ಗುಲಾಮಗಿರಿ ಇತ್ತೇ?

ಇತ್ತು. ಕೆನಡಾದ ಕಥೆಯಲ್ಲಿ ಇದನ್ನು ಬಹಳ ಕಾಲ ಮೆಲ್ಲಗೆ ದಾಟಿಸಿಬಿಟ್ಟರು. ಕುದುರೆ ಲೆಕ್ಕ ಹಾಕಿದ ಅದೇ ಇಂಟೆಂಡೆಂಟ್ ರೊದೊ, ಅದೇ 1709ರಲ್ಲಿ, ಕೊಂಡ ಮೂಲನಿವಾಸಿ ಮತ್ತು ಕಪ್ಪು ಜನರು ಕೊಂಡವನ ಪೂರ್ತಿ ಆಸ್ತಿ ಎಂದು ಆದೇಶ ಹೊರಡಿಸಿದ. ಬ್ರಿಟಿಷರ ಕಾಲವನ್ನೂ ಸೇರಿಸಿ ಲೆಕ್ಕ ಹಾಕಿದ ಇತಿಹಾಸಕಾರರಿಗೆ 4,000ಕ್ಕೂ ಹೆಚ್ಚು ಗುಲಾಮರ ದಾಖಲೆ ಸಿಕ್ಕಿದೆ. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಪಶ್ಚಿಮದಿಂದ ಸೆರೆಹಿಡಿದು ತಂದ ಮೂಲನಿವಾಸಿಗಳು. ಹೆಚ್ಚಿನವರು ಊರುಗಳಲ್ಲಿ ಮನೆಗೆಲಸಕ್ಕೆ. ಒಡೆಯರಲ್ಲಿ ಗವರ್ನರರು, ವ್ಯಾಪಾರಿಗಳು, ಪಾದ್ರಿಗಳೂ ಇದ್ದರು.

1734ರಲ್ಲಿ ಮಾಂಟ್ರಿಯಲ್‌ನ ದೊಡ್ಡ ಬೆಂಕಿಗೆ ಕಾರಣಳೆಂದು ಮಾರಿ-ಜೋಸೆಫ್ ಆಂಜೆಲಿಕ್ ಎಂಬ ಕಪ್ಪು ಗುಲಾಮ ಹೆಂಗಸನ್ನು ಹಿಡಿದರು. ಸುಮಾರು 45 ಮನೆ ಸುಟ್ಟಿದ್ದವು. ಊರಿಗೆ ಊರೇ ಸಿಟ್ಟಾಗಿತ್ತು. ಚಿತ್ರಹಿಂಸೆಗೆ ಮೊದಲು ಕೊನೆಯವರೆಗೂ ನಾನಲ್ಲ ಎಂದಳು, ಚಿತ್ರಹಿಂಸೆಯಲ್ಲಿ ಒಪ್ಪಿಕೊಂಡಳು. ಗಲ್ಲಿಗೇರಿಸಿ ದೇಹ ಸುಟ್ಟರು. ಅವಳನ್ನು ಗಲ್ಲಿಗೇರಿಸಿದವನು ಮಾರ್ಟಿನಿಕ್ ದ್ವೀಪದಿಂದ ಆ ಕೆಲಸಕ್ಕೆಂದೇ ತರಿಸಿದ ಮಾತ್ಯೂ ಲೆವೆಯೆ, ಅವನೂ ಗುಲಾಮ. ಬೆಂಕಿ ಅವಳೇ ಇಟ್ಟಳೋ ಇಲ್ಲವೋ ಎಂದು ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ.

ಬೇರೆ ಧರ್ಮದವರು ಬಂದು ನೆಲೆಸಬಹುದಿತ್ತೇ?

ಕಾನೂನಿನಂತೆ ಕ್ಯಾಥೊಲಿಕ್ ಆಗಿರಬೇಕು. ಪ್ರಾಟೆಸ್ಟಂಟ್ ವ್ಯಾಪಾರಿಗಳು ಬಂದು ಹೋಗುತ್ತಿದ್ದರು, ಅದನ್ನು ನೋಡಿಯೂ ನೋಡದಂತೆ ಬಿಡುತ್ತಿದ್ದರು. 1738ರಲ್ಲಿ ಎಸ್ತೇರ್ ಬ್ರಾಂದೋ ಎಂಬ ಯಹೂದಿ ಹುಡುಗಿ ಗಂಡು ವೇಷದಲ್ಲಿ ಹಡಗು ಹತ್ತಿ ಕ್ವಿಬೆಕ್‌ಗೆ ಬಂದಿಳಿದಳು. ಇಂಟೆಂಡೆಂಟ್ ಓಕಾರ್ ಮತಾಂತರಕ್ಕೆ ಒಪ್ಪಿಸಲು ನೋಡಿದ, ಆಗಲಿಲ್ಲ. ಮರುವರ್ಷ ರಾಜನ ಖರ್ಚಿನಲ್ಲಿ ವಾಪಸ್ ಕಳಿಸಿದರು.

ಇಸ್ಪೀಟು ಎಲೆಯನ್ನೇ ಹಣ ಮಾಡಿದ್ದರಂತೆ?

ಹೌದು. 1685ರಲ್ಲಿ ಫ್ರಾನ್ಸಿನಿಂದ ದುಡ್ಡು ಬಂದಿರಲಿಲ್ಲ, ಸೈನಿಕರಿಗೆ ಸಂಬಳ ಕೊಡಬೇಕು. ಇಂಟೆಂಡೆಂಟ್ ದ ಮೂಲ್ ಇಸ್ಪೀಟು ಎಲೆಗಳ ಹಿಂದೆ ಮೊತ್ತ ಬರೆದು, ಸಹಿ ಮಾಡಿ ಹಂಚಿದ. ಹಡಗು ಬಂದ ಮೇಲೆ ನಿಜ ನಾಣ್ಯ ಕೊಟ್ಟು ಎಲೆ ವಾಪಸ್ ಪಡೆದ. ಮೇಲಿನವರಿಗೆ ಹಿಡಿಸಲಿಲ್ಲ. ಆದರೆ ಅಭ್ಯಾಸ ಹತ್ತಿತು. ಸ್ಪೇನ್ ಉತ್ತರಾಧಿಕಾರದ ಯುದ್ಧದ ಸಮಯದಲ್ಲಿ ಎಲೆಗಳು ಮಿತಿಮೀರಿದವು, ಬೆಲೆ ಬಿತ್ತು. ಕೊನೆಗೆ ಸರ್ಕಾರ ಅರ್ಧ ಬೆಲೆಗೆ ವಾಪಸ್ ಪಡೆಯಿತು. ನಷ್ಟ ಯಾರಿಗೆ ಎಂದು ಕೇಳಬೇಕಿಲ್ಲ, ಅಲ್ವಾ?

ಕೊನೆಯ ಇಂಟೆಂಡೆಂಟ್ ಬಿಗೋ ಕಳ್ಳನೇ?

ಕೋರ್ಟು ಹಾಗೇ ಹೇಳಿತು. ಫ್ರಾನ್ಸ್ವಾ ಬಿಗೋ 1748ರಲ್ಲಿ ಬಂದ. ಸರ್ಕಾರಕ್ಕೆ ಸಾಮಾನು ಕೊಳ್ಳುವವನು ಅವನು, ಮಾರುವ ವ್ಯಾಪಾರದಲ್ಲಿ ಪಾಲು ಇದ್ದವನೂ ಅವನೇ. ಅವನ ಗುಂಪಿನ ಉಗ್ರಾಣಕ್ಕೆ ಜನ ಲಾ ಫ್ರಿಪೋನ್, ಅಂದರೆ ಮೋಸಗಾತಿ, ಎಂದು ಹೆಸರಿಟ್ಟರು. ಊರಿನವರು ಬ್ರೆಡ್ಡಿಗೆ ಪರದಾಡುವಾಗ ಅರಮನೆಯಲ್ಲಿ ಜೂಜು, ಔತಣ. ಆದರೂ ಬ್ರಿಟಿಷರ ಎದುರಿನ ಸೋಲಿಗೆ ಅವನೊಬ್ಬನೇ ಕಾರಣ ಎನ್ನುವುದು ಪ್ಯಾರಿಸ್ಸಿಗೆ ಅನುಕೂಲದ ಕಥೆ. ಅಧಿಕಾರಿಗಳು ಖಾಸಗಿ ವ್ಯಾಪಾರ ಮಾಡುವುದು ಮೊದಲಿನಿಂದಲೂ ಇತ್ತು. ಇವನು ಅದನ್ನು ಯುದ್ಧದ ಹಣದಲ್ಲಿ, ದೊಡ್ಡ ಪ್ರಮಾಣದಲ್ಲಿ ಮಾಡಿದ. 1759ರಲ್ಲಿ ಕ್ವಿಬೆಕ್, 1760ರಲ್ಲಿ ಮಾಂಟ್ರಿಯಲ್ ಬ್ರಿಟಿಷರ ವಶವಾದವು. 1763ರಲ್ಲಿ ಪ್ಯಾರಿಸ್ ಕೋರ್ಟು ಬಿಗೋನನ್ನು ಜೀವನಪೂರ್ತಿ ದೇಶದಿಂದ ಹೊರಹಾಕಿತು.

ಇದಕ್ಕೂ ನಮ್ಮ ಕಡೆಗೂ ಏನಾದರೂ ಸಂಬಂಧ?

ಒಂದಿಷ್ಟು ಇದೆ. ಕೆನಡಾವನ್ನು ಬ್ರಿಟನ್‌ಗೆ ಬಿಟ್ಟುಕೊಟ್ಟ 1763ರ ಪ್ಯಾರಿಸ್ ಒಪ್ಪಂದವೇ ಪಾಂಡಿಚೇರಿಯನ್ನು ಫ್ರೆಂಚರಿಗೆ ವಾಪಸ್ ಕೊಟ್ಟಿತು. ವಾಪಸ್ ಸಿಕ್ಕ ಮೇಲೂ ಪಾಂಡಿಚೇರಿ ಫ್ರೆಂಚ್ ಕಂಪನಿಯ ಕೈಯಲ್ಲಿತ್ತು. ಕೆಲವು ವರ್ಷಗಳ ನಂತರವೇ ಅದು ರಾಜನ ನೇರ ಆಡಳಿತಕ್ಕೆ ಬಂತು. ಟಿಪ್ಪು ಫ್ರೆಂಚರ ಜೊತೆ ಕೈ ಜೋಡಿಸಿದ್ದು, 1788ರಲ್ಲಿ ಟಿಪ್ಪುವಿನ ದೂತರು ವರ್ಸಾಯ್‌ನಲ್ಲಿ 16ನೇ ಲೂಯಿಯನ್ನು ಕಂಡದ್ದು ಈ ಒಪ್ಪಂದದ ನಂತರದ ಕಥೆ.

ಇವತ್ತು ಏನು ಉಳಿದಿದೆ? ಹೋದರೆ ಎಲ್ಲಿ ನೋಡಬಹುದು?

ಕಾನೂನು ಉಳಿದಿದೆ. ಬ್ರಿಟಿಷರು 1774ರ ಕ್ವಿಬೆಕ್ ಕಾಯ್ದೆಯಲ್ಲಿ ಫ್ರೆಂಚ್ ಸಿವಿಲ್ ಕಾನೂನು, ಕ್ಯಾಥೊಲಿಕ್ ಧರ್ಮ ಎರಡನ್ನೂ ಮಾನ್ಯ ಮಾಡಿದರು. ಕೆನಡಾದ ಬೇರೆ ಪ್ರಾಂತಗಳಲ್ಲಿ ಇಂಗ್ಲಿಷ್ ಪದ್ಧತಿ ಇದ್ದರೂ ಕ್ವಿಬೆಕ್‌ನಲ್ಲಿ ಇಂದಿಗೂ ಸಿವಿಲ್ ವ್ಯವಹಾರ ಬೇರೆ. ಅಲ್ಲಿ ಮನೆ ಕೊಳ್ಳುವ ಕನ್ನಡಿಗರೂ ನೋಟರಿ ಮುಂದೆಯೇ ಕೂರಬೇಕು. ಜಮೀನುದಾರಿ ಪದ್ಧತಿ 1854ರಲ್ಲಿ ರದ್ದಾಯಿತು.

ನೋಡಲು ಹೋಗುವುದಾದರೆ, ಕ್ವಿಬೆಕ್ ನಗರದ ಹಳೆ ಭಾಗದಲ್ಲಿ ಇಂಟೆಂಡೆಂಟನ ಅರಮನೆಯ ನೆಲಮಾಳಿಗೆ ಇದೆ. ತ್ರುವಾ-ರಿವಿಯೇರ್ ಹತ್ತಿರ 1738ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಸೇಂ-ಮೊರಿಸ್ ಕುಲುಮೆಗಳ ಜಾಗ ಇದೆ. ಹಳೆ ರಾಜರಸ್ತೆಯ ಬಹುಭಾಗ ಈಗಿನ 138ನೇ ಹೆದ್ದಾರಿ. ಬಾಡಿಗೆ ಕಾರು ಇದ್ದರೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಅದನ್ನೇ ಹಿಡಿಯಿರಿ, ಪಟ್ಟಿ ಜಮೀನುಗಳು ನದಿಗೆ ಇಳಿಯುವುದು ಅಲ್ಲಿಂದ ಕಾಣುತ್ತದೆ. ಸಮಯ, ದುಡ್ಡು ಎರಡೂ ಇದ್ದವರು ನೋವಾ ಸ್ಕೋಶಿಯಾದ ಲೂಯಿಬರ್ಗ್ ಕೋಟೆಗೂ ಹೋಗಬಹುದು. ಕೋಟೆ ಮತ್ತು ಊರಿನ ಒಂದು ಭಾಗವನ್ನು 18ನೇ ಶತಮಾನದಲ್ಲಿದ್ದಂತೆ ಮತ್ತೆ ಕಟ್ಟಿದ್ದಾರೆ. ಬೇಸಿಗೆಯಲ್ಲೇ ಹೋಗಿ, ಸ್ವೆಟರ್ ಮಾತ್ರ ಮರೆಯಬೇಡಿ, ಅಲ್ಲಿ ಮಂಜು ಜಾಸ್ತಿ.